ಮಾವಿನ ತೋಪಿನಲ್ಲಿ ಹದಿನಾರು ದಿನಗಳ ಪ್ರಯಾಣ

ಪ್ರಯಾಣ ಬಹಳ ಕಷ್ಟ ಎನ್ನುವವರನ್ನು ಕಂಡರೆ ಆ ಕಾಲದಲ್ಲಿ ನನಗೆ ಕನಿಕರ ಹುಟ್ಟುತ್ತಿತ್ತು. ಕಷ್ಟ ಇರುವುದು ಪ್ರಯಾಣದಲ್ಲಲ್ಲ, ಯೋಜನೆಯಿಲ್ಲದೆ ಹೊರಡುವುದರಲ್ಲಿ ಎಂಬುದು ನನ್ನ ಸಿದ್ಧಾಂತ. ಅದನ್ನು ನಮ್ಮೂರಾದ ಅವಲಪಲ್ಲಿಯ ಅರಳಿಕಟ್ಟೆಯ ಮೇಲೆ ಕುಳಿತು ಅನೇಕರಿಗೆ ವಿವರಿಸಿದ್ದೆ. ಯಾರೂ ಎದುರಾಡಿರಲಿಲ್ಲ. ಅವರಲ್ಲಿ ಅರ್ಧ ಜನ ನಿದ್ದೆ ಮಾಡುತ್ತಿದ್ದರು ಎಂಬುದು ಬೇರೆ ಮಾತು.

ಆಗ ನಾನು ಪಕ್ಕದ ಹೊಸೂರಿನ ಒಂದು ಶಾಲೆಯಲ್ಲಿ ಮೇಷ್ಟ್ರು. ಮನೆಯಲ್ಲಿ ನಾವು ಮೂವರೇ: ನಾನು, ನನ್ನ ಹೆಂಡತಿ ಜಯಮ್ಮ, ಮತ್ತು ಅವ್ವ. ಅವ್ವನಿಗೆ ಒಬ್ಬಳೇ ತಂಗಿ, ಪುಟ್ಟಮ್ಮ. ಅಂಚೆಟ್ಟಿಯ ಆಚೆ, ಕಾಡಿನ ನಡುವಿನ ನಾಟ್ರಾಂಪಾಳ್ಯಕ್ಕೆ ಕೊಟ್ಟಿತ್ತು. ಅಕ್ಕತಂಗಿಯರು ಮುಖ ನೋಡಿ ಹನ್ನೆರಡು ವರ್ಷವಾಗಿತ್ತು. ಆ ವರ್ಷ ಬೇಸಿಗೆಯಲ್ಲಿ, ಅಲ್ಲಿಂದ ಹುಣಸೆಹಣ್ಣು ಹೇರಿಕೊಂಡು ಹೊಸೂರಿಗೆ ಬರುವ ಗಾಡಿಯವರು ಒಂದು ಸುದ್ದಿ ತಂದರು. ಚಿಕ್ಕವ್ವನ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ, ಪೂರ್ತಿ ಹೋಗುವುದರೊಳಗೆ ಅಕ್ಕನ ಮುಖ ಒಂದು ಸಲ ನೋಡಬೇಕೆನ್ನುತ್ತಾಳೆ, ಎಂದು.

ಅವ್ವ ಅತ್ತಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ನ ಕರ್ಕೊಂಡು ಹೋಗ್ಲಾ ಮಗಾ," ಎಂದಳು. ಅವ್ವ ನನ್ನನ್ನು ಅದುವರೆಗೆ ಏನನ್ನೂ ಕೇಳಿದವಳಲ್ಲ.

ಆ ಹುಣಸೆ ಗಾಡಿಗಳು ಮರುದಿನವೇ ಬರಿದಾಗಿ ಹಿಂದಿರುಗುತ್ತಿದ್ದವು. ಅವ್ವನನ್ನು ಅದರಲ್ಲಿ ಕೂರಿಸಿ ನಾನೂ ಹತ್ತಿದ್ದರೆ ಮೂರು ದಿನಕ್ಕೆ ನಾಟ್ರಾಂಪಾಳ್ಯ! ಜಯಮ್ಮ ಅದನ್ನೇ ಹೇಳಿದಳು. ನಾನು ನಕ್ಕುಬಿಟ್ಟೆ. ಗೊತ್ತಿಲ್ಲದ ಸೀಮೆಗೆ ಹಾಗೆ ಹೋಗುತ್ತಾರೆಯೆ? ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಹೊಗೆ ಕುಡಿದು ಕೆಮ್ಮುತ್ತಾ ನಿಂತಿದ್ದ ಕಾಲ. ಇಂಥ ಕಾಲದಲ್ಲಿ ಗಾಡಿಯ ಪ್ರಯಾಣವನ್ನು ಒಂದು ಶಾಸ್ತ್ರವಾಗಿ ನಡೆಸಿ ತೋರಿಸಬೇಕೆಂದು ನನಗೆ ಹುಕಿ ಬಂತು.

ಶಾನುಭೋಗರ ಬಳಿಯಿದ್ದ ನಕ್ಷೆಯ ಮೇಲೆ ತೆಳು ಕಾಗದವಿಟ್ಟು ನಕಲು ತೆಗೆದೆ. ಕೆಲಮಂಗಲ, ಡೆಂಕಣಿಕೋಟೆ, ಅಂಚೆಟ್ಟಿ, ಅಲ್ಲಿಂದ ನಾಟ್ರಾಂಪಾಳ್ಯ. ಬರುವಾಗ ಹೊಗೇನಕಲ್ಲಿನಲ್ಲಿ ಅವ್ವನಿಗೆ ಕಾವೇರಿ ಸ್ನಾನ, ಧರ್ಮಪುರಿ, ಕೃಷ್ಣಗಿರಿ, ಮನೆ. ಒಟ್ಟು ಒಂದು ತಿಂಗಳು. ಎಲ್ಲಿಯೂ ಛತ್ರದ ಹಂಗಿಲ್ಲ, ನೆಂಟರ ಕಾಟವಿಲ್ಲ. ದಾರಿಯ ಪ್ರತಿ ಊರಿನ ಗುಂಡುತೋಪಿನಲ್ಲಿ ಬಿಡಾರ, ಮರದ ಕೆಳಗೆ ಅಡುಗೆ, ಬಾವಿಯ ನೀರು. ಒಂಬತ್ತನೆಯ ದಿನ ಚಿಕ್ಕವ್ವನ ಮನೆ ತಲುಪುವುದೆಂದು ತೀರ್ಮಾನಿಸಿ, ಎಲ್ಲೆಲ್ಲಿ ತಂಗುತ್ತೇವೆ ಎಂಬುದನ್ನು ಗಾಡಿಯವರಿಗೆ ಬಾಯಿಪಾಠ ಮಾಡಿಸಿ ಚಿಕ್ಕವ್ವನಿಗೆ ಹೇಳಿಕಳಿಸಿದೆ. ಅಷ್ಟು ಅಚ್ಚುಕಟ್ಟು!

ನೆರೆಮನೆಯ ಮುನಿಯಪ್ಪ ತನ್ನ ಕಮಾನು ಗಾಡಿ, ಎತ್ತು, ಜೊತೆಗೆ ತಾನೂ ಬರಲು ಒಪ್ಪಿದ. ಪಂಚಾಂಗ ನಾನೇ ನೋಡಿದೆ. ಪುರೋಹಿತರನ್ನು ಕೇಳಬಹುದಾಗಿತ್ತು, ಆದರೆ ಪಂಚಾಂಗದಲ್ಲಿ ಅವರಿಗಿಂತ ನನಗೆ ಹೆಚ್ಚು ಗೊತ್ತು ಎಂಬ ನಂಬಿಕೆ ನನಗಿತ್ತು. ಬುಧವಾರ ಬೆಳಿಗ್ಗೆ ಏಳೂವರೆಗೆ ದಕ್ಷಿಣಕ್ಕೆ ಹೊರಡಲು ಪ್ರಶಸ್ತವಾದ ಮುಹೂರ್ತ ಸಿಕ್ಕಿತು.

ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಮುನಿಯಪ್ಪ ತಲೆ ಕೆರೆದುಕೊಳ್ಳುತ್ತಾ ಬಂದ. "ಮೇಷ್ಟ್ರೇ, ಗಾಲಿ ಪಟ್ಟಿ ಸಡ್ಲ ಆಗೈತೆ. ಆಚಾರಿ ನಾಳೆ ಮಾಡ್ಕೊಡ್ತೀನಿ ಅಂದವ್ನೆ."

ನಾನು ಎದೆಗುಂದಲಿಲ್ಲ. ಇಂಥ ಸಮಯಕ್ಕೆಂದೇ ಹಿರಿಯರು ಪರಸ್ಥಾನ ಎಂಬ ಉಪಾಯ ಮಾಡಿಟ್ಟಿದ್ದಾರಲ್ಲ! ಮುಹೂರ್ತಕ್ಕೆ ಸರಿಯಾಗಿ ಹೊರಡಲಾಗದವರು, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಜಾಗದಲ್ಲಿ ಆ ಹೊತ್ತಿಗೆ ಒಂದು ಗಂಟನ್ನು ಇಟ್ಟುಬಂದರೆ ಹೊರಟಂತೆಯೇ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಹೋಗಬಹುದು.

"ಹಂಗಾದ್ರೆ ಒಂದು ಗಂಟು ಇಟ್ಟು ಬನ್ನಿ, ಸಾಕು," ಎಂದಳು ಜಯಮ್ಮ.

ಇಲ್ಲಿ ನನ್ನ ಬುದ್ಧಿ ಸ್ವಲ್ಪ ಹೆಚ್ಚಾಗಿ ಓಡಿತು. "ಗಂಟು ಹೊರಟರೆ ಗಂಟಿಗೆ ಪುಣ್ಯ. ಹೊರಡಬೇಕಾದವರು ನಾವು," ಎಂದೆ. "ನಾವೇ ಪರಸ್ಥಾನ ಹೋಗೋಣ. ಬಿಡಾರದ ಏರ್ಪಾಡನ್ನೂ ಒಂದು ದಿನ ಪರೀಕ್ಷೆ ಮಾಡಿದಂತಾಗುತ್ತದೆ."

ಊರಿನ ದಕ್ಷಿಣಕ್ಕೆ ಮುನಿಯಪ್ಪನ ಮಾವಿನ ತೋಪಿದೆ. ನಮ್ಮ ಹಿತ್ತಲ ಬೇಲಿಯಿಂದ ಇನ್ನೂರು ಹೆಜ್ಜೆ. ಏಳೂವರೆಗೆ ಸರಿಯಾಗಿ ಮನೆಗೆ ಬೀಗ ಹಾಕಿ, ಅವ್ವನ ಕೈಹಿಡಿದು, ಹಿಂದೆ ತಿರುಗಿ ನೋಡದೆ ಗಂಭೀರವಾಗಿ ಇನ್ನೂರು ಹೆಜ್ಜೆ ನಡೆದೆವು. ಮರದ ಕೆಳಗೆ ಜಮಖಾನ ಹಾಸಿ ಕುಳಿತ ಮೇಲೆ ನಾನು ನಿಯಮವನ್ನು ಘೋಷಿಸಿದೆ. ಹೊರಟವರು ಸೇರಬೇಕಾದ ಸ್ಥಳ ಸೇರುವವರೆಗೆ ತಮ್ಮ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ತುಳಿದರೆ ಪ್ರಯಾಣ ಕೆಟ್ಟಿತು! ಅವ್ವ ತಲೆಯಾಡಿಸಿದಳು. ತಂಗಿಗೆಂದು ಮಾಡಿದ ಎಳ್ಳುಂಡೆಯ ಡಬ್ಬಿ ಅವಳ ಮಡಿಲಲ್ಲೇ ಇತ್ತು.

ಮರುದಿನ ಬೆಳಗಾಗುವಷ್ಟರಲ್ಲಿ ಮುನಿಯಪ್ಪ ಗಾಡಿ ಹೂಡಿಕೊಂಡು ಬಂದೇಬಿಟ್ಟ. "ಹತ್ತಿ ಮೇಷ್ಟ್ರೇ!"

ಹತ್ತಬಹುದಾಗಿತ್ತು. ಹೊರಟಾಗಿತ್ತು, ಗಾಡಿ ಬಂದಿತ್ತು, ಎತ್ತುಗಳೂ ಗೆಲುವಾಗಿದ್ದವು. ಆದರೆ ಅಂದು ಗುರುವಾರ. ಗುರುವಾರ ದಕ್ಷಿಣಕ್ಕೆ ಶೂಲೆ, ಆ ದಿಕ್ಕಿಗೆ ಹೊರಡಬಾರದ ದಿನ. ಪರಸ್ಥಾನವಾದ ಮೇಲೆ ಶೂಲೆಯ ದೋಷ ಉಂಟೋ ಇಲ್ಲವೋ ಎಂದು ಪಂಚಾಂಗ ತಿರುವಿದೆ. ಅದರಲ್ಲಿ ಆ ವಿಷಯವೇ ಇರಲಿಲ್ಲ. ಇಲ್ಲದಿದ್ದ ಮೇಲೆ ಜೋಪಾನವಾಗಿರುವುದೇ ಮೇಲು ಎಂದು, "ನಾಳೆ ಹೋಗೋಣ ಮುನಿಯಪ್ಪ," ಎಂದೆ.

"ಹಂಗಾದ್ರೆ ನಿಮಗೋಸ್ಕರ ಬುಟ್ಟಿದ್ದ ಕಲ್ಲು ಸಾಗ್ಸೋ ಬಾಡ್ಗೇನ ನಾಳೆ, ನಾಳಿದ್ದು ಮುಗಿಸ್ಕೊಂಡೇ ಬತ್ತೀನಿ. ಇವತ್ತು ಹೋಯ್ತೀರಿ ಅಂದ್ಕಂಡು ಇವತ್ತೇ ಬಂದ್ನಲ್ಲ!" ಎಂದು ಅವನು ತೆಲುಗಿನಲ್ಲಿ ಇನ್ನೂ ಏನೇನೋ ಗೊಣಗುತ್ತಾ ಗಾಡಿ ತಿರುಗಿಸಿದ.

ಶುಕ್ರ, ಶನಿ ಎರಡು ದಿನ ತೋಪಿನಲ್ಲೇ ಕಳೆದೆವು. ಆಗ ಒಂದು ತೊಡಕು ತಲೆದೋರಿತು. ಅವ್ವನ ಕಷಾಯದ ಪುಡಿ ಮನೆಯಲ್ಲಿ. ಒನಕೆ ಮನೆಯಲ್ಲಿ. ಮನೆ ಕಣ್ಣೆದುರಿಗೆ! ನಾವು ಹೋಗುವಂತಿಲ್ಲ. ಬೇರೆಯವರು ಹೋಗಬಾರದೆಂದು ನಿಯಮವಿಲ್ಲವಾದ್ದರಿಂದ ಬೀಗದಕೈಯನ್ನು ಮುನಿಯಪ್ಪನ ಹೆಂಡತಿಗೆ ಕೊಟ್ಟೆ. ಆಕೆ ಮೊದಲು ಪುಡಿ ತಂದಳು. ಆಮೇಲೆ ಒರಳುಕಲ್ಲು, ಕೊಡ, ಕೊಳಗ, ರಾಗಿಮೂಟೆ. ಬಿಡಾರ ಅಂದರೆ ಹೀಗಿರಬೇಕು ಎಂದು ನಾನೂ ನೆನಪು ಮಾಡಿಕೊಂಡು ಒಂದೊಂದಾಗಿ ತರಿಸಿದೆ. ನನ್ನ ಒರಗುಕುರ್ಚಿಯೂ ಬಂತು.

ಊರಿನವರು ಸಂಜೆಹೊತ್ತು ನೋಡಲು ಬರತೊಡಗಿದರು. "ಏನ್ ಮೇಷ್ಟ್ರೇ, ಈ ಊರ ನೀರು ನಿಮ್ಗೆ ಒಗ್ತದಾ?" ಎಂದು ಬಹಳ ಗೌರವದಿಂದ ಕೇಳುತ್ತಿದ್ದರು. ಒಗ್ಗುತ್ತದೆ ಎಂದು ನಾನೂ ಗೌರವದಿಂದಲೇ ಉತ್ತರಿಸುತ್ತಿದ್ದೆ. ಪ್ರಯಾಣದ ದಿನಚರಿ ಬರೆಯಲೆಂದು ಹೊಸ ಪುಸ್ತಕ ಹೊಲಿದಿಟ್ಟಿದ್ದೆ. ಅದರಲ್ಲಿ ದಿನವೂ ಬರೆದೆ: ಇಂದು ಕ್ರಮಿಸಿದ ದೂರ, ಇಲ್ಲ.

ಐದನೆಯ ದಿನ ಭಾನುವಾರ ಗಾಡಿ ಬಂತು. ಸಾಮಾನು ಹೇರಿದೆವು. ಹೇರಿ ಮುಗಿದಾಗ ಗಾಡಿಯೊಳಗೆ ಮನುಷ್ಯರಿಗೆ ಜಾಗವಿರಲಿಲ್ಲ. ಒರಗುಕುರ್ಚಿಯನ್ನು ಕಮಾನಿನ ಮೇಲೆ ಕಟ್ಟಿಸಿದೆ. ಅವ್ವನನ್ನು ಮುಂದುಗಡೆ ಹೇಗೋ ತೂರಿಸಿದ್ದಾಯಿತು. ಮುನಿಯಪ್ಪ ಎತ್ತಿನ ಬಾಲ ಮುಟ್ಟಿ "ಹೋ" ಎಂದ. ಎತ್ತುಗಳು ಬಗ್ಗಿ ಎಳೆದವು. ಗಾಡಿ ಅಲುಗಿತು. ನಾನು ಕೈಮುಗಿದೆ. ಎರಡು ಮರದಷ್ಟು ದೂರ ಹೋಗಿರಬೇಕು, ಗಾಡಿಯ ಅಡಿಯಲ್ಲಿ ಲಟ್ ಎಂದಿತು.

ಅಚ್ಚು ಮುರಿದಿತ್ತು!

ಅವ್ವನನ್ನು ಇಳಿಸಿಕೊಂಡೆವು. ಪೆಟ್ಟಾಗಿರಲಿಲ್ಲ. "ಡಬ್ಬಿ ಏನೂ ಆಗಿಲ್ಲ ಬುಡು," ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

"ಒರಳುಕಲ್ಲಿಗೆ ಒಂದು ಎತ್ತು ಬೇಕು ಅಂತ ನಾನು ಅವತ್ತೇ ಅಂದ್ನಾ ಇಲ್ವಾ?" ಎಂದಳು ಜಯಮ್ಮ. ಅಂದಿದ್ದಳು.

ಬಡಗಿ ನೆಂಟರ ಮದುವೆಗೆಂದು ರಾಯಕೋಟೆಗೆ ಹೋಗಿದ್ದ. ಅವನು ಬಂದು, ಒಣಗಿದ ಜಾಲಿಮರ ಹುಡುಕಿ, ಕೆತ್ತಿ, ಕೂರಿಸುವಷ್ಟರಲ್ಲಿ ಹನ್ನೆರಡನೆಯ ದಿನವಾಯಿತು. ಹದಿಮೂರನೆಯ ದಿನ ಅಮಾವಾಸ್ಯೆ. ಹದಿನಾಲ್ಕನೆಯ ದಿನ ಎಡಗಡೆಯ ಎತ್ತಿನ ಲಾಳ ಬಿದ್ದುಹೋಯಿತು. ಯುದ್ಧದಿಂದಾಗಿ ಕಬ್ಬಿಣಕ್ಕೆ ಬರ, ಹೊಸೂರಿನಲ್ಲೆಲ್ಲ ಸುತ್ತಿ ಹದಿನೈದನೆಯ ದಿನ ಸಂಜೆಗೆ ಲಾಳ ಕಟ್ಟಿಸಿಕೊಂಡು ಬಂದ ಮುನಿಯಪ್ಪ, ಬೆವರೊರೆಸಿಕೊಳ್ಳುತ್ತಾ ಹೇಳಿದ. "ಮುಗೀತು ಮೇಷ್ಟ್ರೇ. ಸಾಮಾನು ಅರ್ಧ ಇಳ್ಸಿ. ನಾಳೆ ಕೋಳಿ ಕೂಗೋ ಹೊತ್ಗೆ ಹೊರಟ್ಬುಡಾನ."

ನಾನು ಗಂಟಲು ಸರಿಮಾಡಿಕೊಂಡೆ. "ನಾಳೆ ಗುರುವಾರ ಮುನಿಯಪ್ಪ."

ಮುನಿಯಪ್ಪ ಹೆಗಲ ಮೇಲಿದ್ದ ಟವೆಲನ್ನು ತೆಗೆದು ನೆಲಕ್ಕೆ ಬಡಿದ. ಎತ್ತುಗಳನ್ನು ಹೊಡೆದುಕೊಂಡು ಹೋಗಿಬಿಟ್ಟ.

ಆಡಬೇಕಾದ ಮಾತನ್ನು ಅವ್ವ ಆಡಿದಳು. ಹದಿನೈದು ದಿನ ನನ್ನನ್ನು ದೂರದೆ ದಕ್ಷಿಣದ ದಾರಿ ನೋಡುತ್ತಾ ಕುಳಿತಿದ್ದವಳು ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ ಕೇಳಿದಳು. "ಅಲ್ಲ ಮಗಾ, ಅವ್ಳ ಕಣ್ಣು ನಿನ್ನ ಪಂಚಾಂಗ ಕೇಳ್ಕೊಂಡು ಕಾಯ್ತದಾ?"

ಆಗಲೇ ಎದ್ದು ಮುನಿಯಪ್ಪನನ್ನು ಕೂಗಿ ಕರೆದಿದ್ದರೆ ನಾನು ಮನುಷ್ಯ. ಆದರೆ ಹದಿನೈದು ದಿನ ಹಿಡಿದ ಹಟವನ್ನು ಒಂದು ದಿನಕ್ಕಾಗಿ ಬಿಡುವುದು ಹೇಗೆಂದು ಸುಮ್ಮನೆ ಕುಳಿತೆ. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆ.

ಗುರುವಾರ ಮಧ್ಯಾಹ್ನ. ಅವ್ವ ಮೂರು ಕಲ್ಲಿನ ಒಲೆಯ ಮುಂದೆ ಬಗ್ಗಿ ಬೆಂಕಿ ಊದುತ್ತಿದ್ದಳು. ನಾನು ಒರಗುಕುರ್ಚಿಯಲ್ಲಿದ್ದೆ. ದಾರಿಯಲ್ಲಿ ಹುಣಸೆ ಮೂಟೆ ಹೇರಿದ ಗಾಡಿಯೊಂದು ಬಂದು ತೋಪಿನ ಬಳಿ ನಿಂತಿತು. ಗಾಡಿಯವನು ನಮ್ಮ ಬಿಡಾರವನ್ನು ನೋಡಿ, "ಎಂಗೆ ಪಯಣಂ, ಅಯ್ಯಾ?" ಎಂದು ತಮಿಳಿನಲ್ಲಿ ನಮ್ಮ ಪ್ರಯಾಣ ಎಲ್ಲಿಗೆಂದು ಕೇಳಿದ. ನಾನು ದಕ್ಷಿಣಕ್ಕೆ ಕೈ ತೋರಿಸಿದೆ.

ಮೂಟೆಗಳ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು. ನಾನಿದ್ದ ದಿಕ್ಕಿಗೆ ಸರಿಯಾಗಿ ನೋಡದೆ, ಪಕ್ಕದ ಮರದ ಕಡೆ ಮುಖ ಮಾಡಿ ಕೇಳಿದಳು.

"ಯಾರಪ್ಪಾ ಅದು, ದಾರಿಹೋಕ್ರಾ? ಅವಲಪಲ್ಲಿಯಿಂದ ಹೊಂಟ ಒಂದು ಕಮಾನು ಗಾಡಿ ಎಲ್ಲಾನಾ ಕಂಡ್ರಾ? ಒಬ್ಬ ಮೇಷ್ಟ್ರು, ಅವ್ನ ಹೆಂಡ್ತಿ, ಒಬ್ಳು ಮುದುಕಿ. ವಾರದ ಹಿಂದೇನೇ ಬರ್ಬೇಕಿತ್ತು. ಅಂಚೆಟ್ಟಿ ತೋಪ್ನಲ್ಲಿ ಕೇಳ್ದೆ, ಡೆಂಕಣಿಕೋಟೆ ತೋಪ್ನಲ್ಲಿ ಕೇಳ್ದೆ, ಯಾರೂ ಕಂಡಿಲ್ಲ ಅಂತಾರೆ. ಕಾಡ್ನಲ್ಲಿ ಆನೆ ಕಾಟ ಬೇರೆ. ನನ್ನ ಜೀವ ನಿಲ್ತಾ ಇಲ್ಲ ಕಣಪ್ಪ."

ನಾನು ಎದ್ದು ನಿಂತೆ. "ಆ ಗಾಡಿ ಇದೇ," ಎಂದೆ.

ಒಲೆಯ ಮುಂದೆ ಊದುವ ಸದ್ದು ನಿಂತಿತು. "ಪುಟ್ಟೀ?" ಎಂದಳು ಅವ್ವ.

ಚಿಕ್ಕವ್ವನನ್ನು ಗಾಡಿಯವನು ಇಳಿಸುವುದರೊಳಗೆ ಅವ್ವ ಓಡಿಹೋಗಿ ಹಿಡಿದುಕೊಂಡಿದ್ದಳು. ಇಬ್ಬರೂ ಅತ್ತರು. ಜಯಮ್ಮನೂ ಅತ್ತಳು. ಆಮೇಲೆ ಚಿಕ್ಕವ್ವ ಅಕ್ಕನ ಗಲ್ಲ ಹಿಡಿದು, "ನೆರಳಲ್ಲಿ ಕಾಣಾಕಿಲ್ಲ, ಬಿಸ್ಲಿಗೆ ಬಾ," ಎಂದು ಮರದಿಂದಾಚೆಗೆ ಕರೆದುಕೊಂಡು ಹೋದಳು. ಮುಖವನ್ನು ಬಿಸಿಲಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ಬಹಳ ಹೊತ್ತು ನೋಡಿದಳು.

"ಕಾಣ್ತೀಯ ಕಣಕ್ಕ," ಎಂದಳು. "ಮುದುಕಿ ಆಗ್ಬುಟ್ಟಿದ್ದೀಯ." ಆಮೇಲೆ ಏನೋ ನೆನೆಸಿಕೊಂಡವಳಂತೆ ಹೇಳಿದಳು. "ಹದಿನೈದು ದಿನದ ಹಿಂದೆ ಆಗಿದ್ರೆ ಮೊಳದ ದೂರದಿಂದಾನೇ ಕಾಣ್ತಿತ್ತು. ಈಗ ಇಷ್ಟು ಹತ್ರ ಬರ್ಬೇಕು."

ಅವಳು ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ ಅದು. ಆದರೂ ಆ ಹದಿನೈದು ದಿನ ಎಲ್ಲಿ ಹೋಯಿತೆಂದು ಅಲ್ಲಿದ್ದವರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಅವಳು ಮನೆ ಬಿಟ್ಟದ್ದು ಮಂಗಳವಾರವಂತೆ. ಮಂಗಳವಾರ ಉತ್ತರಕ್ಕೆ ಶೂಲೆ! ನಾನು ಬಾಯಿ ಬಿಡಲಿಲ್ಲ. ಆದರೆ ಅವ್ವ ತಂಗಿಯ ಕೈಹಿಡಿದು ನಮ್ಮ ಮನೆಯ ದಾರಿ ಹಿಡಿದಾಗ ಅಭ್ಯಾಸಬಲದಿಂದ ಮಾತು ಹೊರಬಿದ್ದೇಬಿಟ್ಟಿತು. "ಅವ್ವಾ, ಸೇರುವ ಸ್ಥಳ ಸೇರದೆ ಹೊಸ್ತಿಲು ತುಳಿಯಬಾರದು."

ಅವ್ವ ತಿರುಗಿಯೂ ನೋಡಲಿಲ್ಲ. "ಸೇರೋ ಜಾಗ್ವೇ ನಡ್ಕೊಂಡು ಬಂದೈತಲ್ಲ, ಬುಡ್ಲಾ," ಎಂದಳು.

ಸಾಮಾನನ್ನು ಮನೆಗೆ ಸಾಗಿಸಲು ಮುನಿಯಪ್ಪ ಗಾಡಿ ಕೊಡಲಿಲ್ಲ. ತಲೆಯ ಮೇಲೆ ಹೊತ್ತುಕೊಂಡು ಹನ್ನೊಂದು ಸಲ ಓಡಾಡಿದೆ. ಒರಳುಕಲ್ಲನ್ನು ಉರುಳಿಸಿಕೊಂಡು ಹೋದೆ. ಊರಿನವರು ಬೇಲಿಯ ಪಕ್ಕದಲ್ಲಿ ನಿಂತು, ಪ್ರಯಾಣ ಸುಖವಾಗಿತ್ತೇ ಎಂದು ವಿಚಾರಿಸಿದರು.

ಕೊನೆಯ ಸಲ ಒರಗುಕುರ್ಚಿ ಹೊತ್ತು ಒಳಗೆ ಬಂದಾಗ ಅಕ್ಕತಂಗಿಯರು ಜಗಲಿಯ ಮೇಲೆ ಕುಳಿತು ಎಳ್ಳುಂಡೆ ತಿನ್ನುತ್ತಿದ್ದರು. ಚಿಕ್ಕವ್ವ ನನ್ನನ್ನು ಹತ್ತಿರ ಕರೆದು, ನನ್ನ ಹಣೆ, ಮೂಗು, ಕೆನ್ನೆಯನ್ನೆಲ್ಲ ಬೆರಳಲ್ಲಿ ಸವರಿ ನೋಡಿದಳು. ಬಹಳ ಅಕ್ಕರೆಯಿಂದ ಕೇಳಿದಳು.

"ದೊಡ್ಡ ಸ್ಕೂಲ್ನಲ್ಲಿ ಮೇಷ್ಟ್ರಂತಲ್ಲಪ್ಪ ನೀನು. ಮಕ್ಕಳ್ಗೆ ಏನು ಹೇಳ್ಕೊಡ್ತೀಯ?"

ಸುಳ್ಳು ಹೇಳಬಹುದಾಗಿತ್ತು. ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಪಕ್ಕದಲ್ಲಿ ಅವ್ವ ಇದ್ದಳು, ಬಾಗಿಲಲ್ಲಿ ಜಯಮ್ಮ ಕಿವಿಗೊಟ್ಟು ನಿಂತಿದ್ದಳು.

"ಭೂಗೋಳ, ಚಿಕ್ಕವ್ವ," ಎಂದೆ.