ಭಜನೆ ಸಿ.ಡಿ.ಯ ದಾಸೋಹ

ದೇವರಿಗೆಂದು ಪಕ್ಕದ ಮನೆಯ ಹೂವು ಹರಿದರೆ ಅದು ಕಳ್ಳತನವಲ್ಲ ಎಂದು ನಂಬಿದವರಲ್ಲಿ ನಾನೂ ಒಬ್ಬ. ಸಿಂದಗಿಯ ನಮ್ಮ ಓಣಿಯಲ್ಲಿ ಬೆಳಗಾದರೆ ಸಾಕು, ನೀಲವ್ವನ ಬೇಲಿಯ ದಾಸವಾಳಕ್ಕೆ ಕೈ ಹಾಕುತ್ತಿದ್ದೆ. ಕೇಳುವ ಪದ್ಧತಿಯಿರಲಿಲ್ಲ. ಕಂಡರೂ ಆಕೆ ಮುಖ ತಿರುಗಿಸಿ ಪುಣ್ಯದಲ್ಲಿ ತನ್ನ ಪಾಲು ಪಡೆಯುತ್ತಿದ್ದಳು. ಮನೆಗೆ ಕಂಪ್ಯೂಟರ್ ಬಂದ ಹೊಸತರಲ್ಲಿ ಇದೇ ಶಾಸ್ತ್ರವನ್ನು ಸಿ.ಡಿ.ಗೂ ಹಚ್ಚಿದೆ. ಹೆಂಡತಿಯ ತಮ್ಮ ಕಾಪಿ ಹೊಡೆದ ಸಿನಿಮಾ ತಂದಾಗ, "ದೇವರಿರೋ ಮನ್ಯಾಗ ಕಳ್ಳಮಾಲು ತರಬ್ಯಾಡೋ" ಎಂದು ಬೈದವನೂ ನಾನೇ. ಆದರೆ ಮುದ್ದೇಬಿಹಾಳದ ಚನ್ನಯ್ಯ ಮಾಸ್ತರರು ಹಾಡಿದ ಭಜನೆಯ ಸಿ.ಡಿ. ಒಂದನ್ನು ಕೊಂಡು ತಂದು, ಶ್ರಾವಣ ಪೂರ್ತಿ ಅದರ ಕಾಪಿ ಮಾಡಿ ಮನೆಮನೆಗೂ ಹಂಚಿದೆ. ಅನ್ನ ನೀಡಿದರೆ ದಾಸೋಹವಾದರೆ ಹಾಡು ನೀಡಿದರೆ ಯಾಕಲ್ಲ?

ಕಡೆಯ ಸೋಮವಾರ ನನ್ನ ಹೆಂಡತಿ ಶಾಂತಾ ಆ ಮಾಸ್ತರರನ್ನೇ ಊಟಕ್ಕೆ ಹೇಳಿಬಿಟ್ಟಳು. ಅವರ ಬಸ್ಸು ಬರುವ ಹೊತ್ತಾದಂತೆ ನನಗೆ ಕುಂತಲ್ಲಿ ಕೂರಲಾಗಲಿಲ್ಲ. ಓಣಿಯ ಮೂರು ಮನೆಗಳಲ್ಲಿ ಅವರದೇ ದನಿ ಮೊಳಗುತ್ತಿತ್ತು. ಒಂದು ಮನೆಗೆ ಓಡಿ ಬಂದ್ ಮಾಡಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದರಲ್ಲಿ ಮತ್ತೆ ಶುರು. "ನೀವ ಕೊಟ್ಟೀರಿ, ನೀವ ಬಂದ್ ಮಾಡಂತೀರಿ. ಸೋಮವಾರ ದೇವರ ಹಾಡು ನಿಂದರಸ್ತಾರೇನ್ರಿ?" ಎಂದು ಆ ಮನೆಯ ಮುದುಕಿ ಗದರಿದಳು.

ಮಾಸ್ತರರು ಬಂದರು, ಕಂಕುಳಲ್ಲಿ ಒಂದು ರಟ್ಟಿನ ಡಬ್ಬಿ. ಹೋಳಿಗೆಗೆ ಕೂತವರ ಎದುರು ನಾನು ಉಪ್ಪಿಗೊಮ್ಮೆ, ನೀರಿಗೊಮ್ಮೆ ಎದ್ದೆ. "ಯಾಕ್ರಿ ಸರ, ಹೊಟ್ಟಿ ಸರಿ ಇಲ್ಲೇನ್ರಿ?" ಎಂದರು. ಅಷ್ಟರಲ್ಲಿ ಶಾಂತಾ ಹೆಮ್ಮೆಯಿಂದ, "ನಿಮ್ಮ ಹಾಡು ನಮ್ಮ ಮನಿಯವ್ರು ಊರಿಗೆಲ್ಲಾ ಹಂಚ್ಯಾರ್ರಿ" ಅಂದುಬಿಟ್ಟಳು. ನಾನು ತುಪ್ಪಕ್ಕೆಂದು ಮತ್ತೊಮ್ಮೆ ಎದ್ದೆ.

ಮಾಸ್ತರರು ಪಕ್ಕದಲ್ಲಿಟ್ಟಿದ್ದ ಡಬ್ಬಿಯನ್ನು ಮುಂದೆ ಸರಿಸಿದರು. "ಅದಕ್ಕ ಹಾದಿಗುಂಟ ನನ್ನ ದನಿ ಕೇಳಾಕತ್ತಿತ್ತು. ಇಲ್ಲಿ ಅಂಗಡ್ಯಾಂವ, ಒಂದ ಸಿ.ಡಿ. ಹೋಗೇತಿ, ಉಳಿದದ್ದು ಒಯ್ರಿ ಅಂತ ಡಬ್ಬಿ ತಿರುಗಿ ಕೊಟ್ಟ." ಆ ಒಂದನ್ನು ಕೊಂಡವನು ನಾನೇ. "ಇವನ್ನೂ ದಾಸೋಹಕ್ಕ ಹಂಚಿಬಿಡ್ರಿ. ಇವು ಮಾರಿ ಹಾರ್ಮೋನಿಯಂ ಪೇಟಿ ರಿಪೇರಿ ಮಾಡಸಬೇಕಂತಿದ್ದೆ, ಅದನ್ನ ಮುಂದಿನ ಶ್ರಾವಣಕ್ಕ ನೋಡೋಣು." ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಬೇಡವೆಂದರೂ ಡಬ್ಬಿಯನ್ನು ನಾನೇ ಕೊಂಡೆ. ಆದರೂ ನಾಚಿಕೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿಗೆ ಕೈ ಹಾಕಲು ಮನಸ್ಸಾಗಲಿಲ್ಲ. ನೀಲವ್ವನ ಬಾಗಿಲು ಬಡಿದು, "ನಾಕ ಹೂವು ಹರಕೊಳ್ಳಲೇನ್ರಿ ಅವ್ವಾರ?" ಎಂದೆ.

ಆಕೆ ನನ್ನನ್ನು ಮೇಲಿಂದ ಕೆಳತನಕ ನೋಡಿದಳು. "ಇಷ್ಟ ವರ್ಷ ಕೇಳದ ಹರಕೊಂಡು ಹೋಗ್ತಿದ್ರಿ. ಇವತ್ತ ಕೇಳಾಕತ್ತೀರಿ ಅಂದ್ರ, ಏನ್ ಕದ್ದು ಬಂದೀರ್ರಿ?"