ಬೆರಳುದ್ದದ ಸ್ಕೂಟರಿಗೆ ಗಾಳಿ ಬ್ರಶ್ಶು

ಸ್ಕೂಟರ್ ಇಲ್ಲದೆಯೂ ಸ್ಕೂಟರಿಗೆ ಬಣ್ಣ ಹೊಡೆಯುವ ಯಂತ್ರ ಕೊಂಡವರು ಈ ಭೂಮಿಯ ಮೇಲೆ ಒಬ್ಬರೇ ಇರಬೇಕು. ಅವರು ನನ್ನ ಹೆಂಡತಿಯ ಸೋದರಮಾವ! ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಹೈದರಾಬಾದಿನ ಮಣಿಕೊಂಡದಲ್ಲಿ ನಮ್ಮ ಕೆಳಗಿನ ಮನೆಯಲ್ಲೇ ಇದ್ದರು. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಆ ವರ್ಷಗಳಲ್ಲಿ ಇವರು ಮಾತ್ರ ತಗಡು, ಅಂಟು, ಕತ್ತರಿ ಹಿಡಿದು ಆಟಿಕೆ ಮಾಡಲು ಕೂತರು.

ತಾವು ಎಂದೋ ಮಾರಿದ್ದ ತಿಳಿಹಸಿರು ಸ್ಕೂಟರನ್ನು ಬೆರಳುದ್ದಕ್ಕೆ ಇಳಿಸಿ ಮಾಡಿದ್ದರು. ಕನ್ನಡಿ, ಸ್ಟೆಪ್ನಿ, ಎಲ್ಲ ಇತ್ತು. ಮದುವೆಯಾಗಿ ನಲವತ್ತು ವರ್ಷ ತುಂಬುವ ದಿನ ಅದನ್ನು ಹೆಂಡತಿಯ, ಅಂದರೆ ಅತ್ತೆಯ, ಕೈಗಿಡಬೇಕು, ಅಲ್ಲಿಯವರೆಗೆ ಗುಟ್ಟು. ಬಣ್ಣ ಬಳಿಯುವುದೊಂದೇ ಬಾಕಿ. "ಬ್ರಶ್ಶಿನಲ್ಲೇ ಬಳೀಬಹುದಲ್ಲ ಮಾವ?" ಎಂದು ಕೇಳಿದ್ದೇ ನನ್ನ ತಪ್ಪು!

"ಎಲ್ಲಾ ಬ್ರಶ್ಶಿಲೇ ಆಗ್ತೈತಿ. ಒಂದ್ ಜಾಗಾ ಮಾತ್ರ ಆಗಂಗಿಲ್ಲ. ಅದಕ್ಕ ಗಾಳಿಲೇ ಬಣ್ಣ ಊದೋ ಏರ್‌ಬ್ರಶ್ಶೇ ಬೇಕು. ಅದೂ ಭಾಳ ಚಲೋದು!"

ಯಾವ ಜಾಗ? ಜಪ್ಪಯ್ಯ ಅಂದರೂ ಹೇಳಲಿಲ್ಲ.

ಮೊದಲು ಸುಲ್ತಾನ್ ಬಜಾರಿಗೆ ಹೋದೆವು. ಬಟ್ಟೆಯಂಗಡಿಗಳ ನಡುವೆ ನುಗ್ಗಿ ನುಗ್ಗಿ ಒಂದು ಪೇಂಟಿನ ಅಂಗಡಿ ಹಿಡಿದರೆ, ಅಂಗಡಿಯವನು ಬಸ್ಸಿಗೆ ಬಣ್ಣ ಹೊಡೆಯುವ ದೊಡ್ಡ ಗನ್ ತಂದಿಟ್ಟ. ಮಾವ ಜೇಬಿನಿಂದ ಸ್ಕೂಟರ್ ತೆಗೆದು ಕೌಂಟರಿನ ಮೇಲೆ ನಿಲ್ಲಿಸಿದರು. ಅಂಗಡಿಯವನು ಗನ್ ನೋಡಿದ, ಸ್ಕೂಟರ್ ನೋಡಿದ, ಮಾವನನ್ನು ನೋಡಿದ. "ಇತ್ತೀ ಸೀ ಗಾಡಿ ಕು ಗನ್ ಕಾಯ್ಕು ಚಾಚಾ? ಉಂಗ್ಲೀ ಸೇ ಲಗಾ ಲೇವ್!" ಇಷ್ಟು ಚಿಕ್ಕ ಗಾಡಿಗೆ ಗನ್ ಯಾಕೆ, ಬೆರಳಲ್ಲೇ ಬಳಿದುಕೊಳ್ಳಿ ಅಂತ! ಮಾವ ಸ್ಕೂಟರನ್ನು ಜೇಬಿಗಿಳಿಸಿ ಹೊರನಡೆದರು.

ಕೊನೆಗೆ ನನ್ನ ಆಫೀಸಿನ ಗೆಳೆಯನೊಬ್ಬ ಮಾದಾಪುರದಲ್ಲಿ ಒಂದು ಅಂಗಡಿ ತೋರಿಸಿದ. ಅಲ್ಲಿನ ಹುಡುಗಿ ಪೆನ್ನಿನಂಥ ಏರ್‌ಬ್ರಶ್ ಹಿಡಿದು, ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಬಣ್ಣ ಎಂದು ವಿವರಿಸಿದಳು. ಮಾವ ಅದನ್ನೆಲ್ಲ ಬಿಟ್ಟು ಗಾಳಿ ತುಂಬುವ ಕಂಪ್ರೆಸರಿಗೆ ಕಿವಿಗೊಟ್ಟು ಕೂತರು. ನಂತರ ನನ್ನತ್ತ ತಿರುಗಿ, "ಇಕಿಗೆ ತೆಲುಗಿನ್ಯಾಗ ಹೇಳಪಾ. ನಮ್ಮನಿಯಾಕಿ ಮಧ್ಯಾಹ್ನ ಎರಡರಿಂದ ನಾಕು ಮಲಗ್ತಾಳ. ಆಕಿ ಗೊರಕಿಗಿಂತ ಇದರ ಸಪ್ಪಳ ಕಮ್ಮಿ ಇರಬೇಕು" ಎಂದರು.

ಗೊರಕೆಯ ಅಳತೆಯನ್ನು ನಾನು ಯಾವ ಭಾಷೆಯಲ್ಲಿ ಹೇಳಲಿ? ನನ್ನ ತಡವರಿಕೆ ನೋಡಲಾರದೆ ಮಾವನೇ ಕಣ್ಣು ಮುಚ್ಚಿ, ಅತ್ತೆಯ ಗೊರಕೆಯನ್ನು ಏರಿಳಿತ ಸಮೇತ ಹೊಡೆದು ತೋರಿಸಿದರು! ಕೊರಳಿಗೆ ಆಫೀಸಿನ ಗುರುತುಚೀಟಿ ನೇತುಹಾಕಿಕೊಂಡವರೆಲ್ಲ ತಿರುಗಿ ನೋಡಿದರು. ಹುಡುಗಿ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು, "ದಾನಿಕಂಟೆ ತಕ್ಕುವೇ ಅಂಕುಲ್" ಎಂದಳು. ಅದಕ್ಕಿಂತ ಕಡಿಮೆಯೇ! ವ್ಯಾಪಾರ ಮುಗಿಯಿತು.

ಹದಿನೈದು ದಿನ ಹಳೆಯ ಪೇಪರುಗಳ ಮೇಲೆ ಅಭ್ಯಾಸ ನಡೆಯಿತು. ಎರಡು ಬನಿಯನ್ನು, ಒಂದು ಕಿಟಕಿ ಪರದೆ, ನನ್ನ ಎಡಗಿವಿ ಹಸಿರಾದವು. ಪರದೆ ಹಸಿರಾದ ಮೇಲೆ ಯಂತ್ರ ಅತ್ತೆಯ ಕಣ್ಣಿಗೆ ಬಿತ್ತು, ಸ್ಕೂಟರ್ ಮಾತ್ರ ಗುಟ್ಟಾಗಿಯೇ ಉಳಿಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು. ನಾಲ್ಕು ದಿನ ಬಿಟ್ಟರೆ ಮದುವೆಯ ದಿನ.

ಅತ್ತೆ ಮಿಕ್ಸಿ, ಈಳಿಗೆಮಣೆ, ನನ್ನ ಲ್ಯಾಪ್‌ಟಾಪು ಎಲ್ಲವನ್ನೂ ಸಾಲಾಗಿ ಜೋಡಿಸಿ ಪೂಜೆ ಮಾಡಿದರು. ಏರ್‌ಬ್ರಶ್ಶಿಗೆ ವಿಶೇಷ ಮರ್ಯಾದೆ. "ಹೊಸಾದು ಪಾಪ, ನಿನ್ನೆ ಮೊನ್ನೆ ಬಂದೈತಿ" ಎಂದು ಅದರ ಬಾಯಿಗೇ ಅರಿಷಿಣ ಕುಂಕುಮ ಕಲಸಿ ಮೆತ್ತಿದರು! ಕೂದಲೂ ಹಾಯದಷ್ಟು ಸಣ್ಣ ತೂತು ಅದು. ಮರುದಿನ ಮಾವ ಗುಂಡಿ ಎಳೆದರೆ ಬಣ್ಣವೂ ಇಲ್ಲ, ಮಣ್ಣೂ ಇಲ್ಲ.

ಮನೆಯಲ್ಲಿ ಭೂಕಂಪವೇ ಆಗುತ್ತದೆ ಅಂದುಕೊಂಡೆ. ಮಾವ ನನ್ನನ್ನು ಬಾಗಿಲ ಹೊರಗೆ ಎಳೆದುಕೊಂಡು ಹೋಗಿ, "ಆಕಿಗೆ ಹೇಳಬ್ಯಾಡ. ಭಕ್ತಿಲೇ ಹಚ್ಚ್ಯಾಳ, ನೊಂದ್ಕೋತಾಳ" ಎಂದರು. ಸೂಜಿಯಿಂದ ಚುಚ್ಚೋಣವೇ ಎಂದು ಕೇಳಿದ್ದಕ್ಕೆ ಕೈಮೇಲೆ ಒಂದು ಏಟು ಬಿತ್ತು. "ಸೂಜಿ ಹಾಕಿದ್ರ ತೂತು ಹರೀತೈತಿ. ಮೂವತ್ತು ವರ್ಷ ಕಾಲುವಿ ಕಾಯ್ದಾಂವ ನಾ! ನೀರು ಬಿಡು, ಹೂಳು ತಾನೇ ಹೋಗ್ತೈತಿ."

ಮೂರು ದಿನ ಬಿಸಿನೀರು, ಸ್ಪಿರಿಟ್ಟು, ಮತ್ತೆ ಬಿಸಿನೀರು. ಮಾವ ಸರಿಯಾಗಿ ಊಟವನ್ನೂ ಮಾಡಲಿಲ್ಲ. ಮದುವೆಯ ದಿನ ಬೆಳಿಗ್ಗೆ ಕೊನೆಯ ಕೆಂಪು ಕಣ ಹೊರಬಿತ್ತು. ಕಾಲುವೆಗೆ ನೀರು ಬಂದಷ್ಟೇ ಖುಷಿಯಿಂದ ಕೂಗಿ, ಬಾಗಿಲು ಹಾಕಿಕೊಂಡು ಆ 'ಒಂದು ಜಾಗ' ಮುಗಿಸಿದರು.

ಪಾಯಸ ಬಡಿಸುತ್ತಿದ್ದ ಅತ್ತೆಯ ಅಂಗೈಯಲ್ಲಿ ಸ್ಕೂಟರ್ ಇಟ್ಟರು.

"ಅಯ್ಯ, ನಮ್ಮ ಗಾಡಿ!" ಅತ್ತೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಮುಖ ಸಣ್ಣದಾಯಿತು. "ಎಡಗಡೆ ಇಲ್ಲೇ ಬಣ್ಣಾ ಮಾಸೇತಲ್ರೀ! ಅಷ್ಟು ಚಲೋ ಮಶೀನ್ ತಂದು ಹಿಂಗ್ಯಾಕ ಬಿಟ್ಟ್ರಿ?"

"ಬಿಟ್ಟಿಲ್ಲ, ಹಂಗೇ ಹೊಡದೀನಿ" ಎಂದರು ಮಾವ, ನೆಲ ನೋಡುತ್ತ. "ಇಪ್ಪತ್ತೆರಡು ವರ್ಷ ನೀ ಹಿಂದ ಕುಂತು, ನಿನ್ನ ಸೀರಿ ಉಜ್ಜಿ ಉಜ್ಜಿ ಅಲ್ಲೇ ಬಣ್ಣಾ ಹೋಗಿತ್ತಲ್ಲ. ಅಂಚು ಕಾಣದಂಗ ಮಾಸಬೇಕು. ಬ್ರಶ್ಶಿಗೆ ಅದು ಬರಂಗಿಲ್ಲ."

ಅತ್ತೆ ಸೆರಗಿನ ತುದಿಯಿಂದ ಆ ಜಾಗವನ್ನು ಮೆಲ್ಲಗೆ ಸವರಿದರು. ಬಣ್ಣ ಇನ್ನೂ ಹಸಿಯಾಗಿತ್ತು! ಅಂದವಾಗಿ ಹೊಡೆದ ಬಣ್ಣವೆಲ್ಲ ಸೆರಗಿಗೆ ಬಂದು, ಸ್ಕೂಟರಿನ ಆ ಜಾಗ ಗೆರೆಗೆರೆಯಾಯಿತು.

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಹಾಂ... ಈಗ ಬರೋಬ್ಬರಿ ಆತು."