ಖಾಲಿ ಡಬ್ಬಿ ವಾಪಸ್ ಕೊಟ್ಟ ದಿನ

ಮನಸ್ಸು ಬಿಚ್ಚಿ ಮಾತಾಡಿ ಎಂದು ಬೋರ್ಡು ಹಾಕಿಕೊಂಡು ಕೂತವರ ಮನೆಯಲ್ಲಿ ಒಂದಲ್ಲ ಒಂದು ತಮಾಷೆ ನಡೆಯದ ದಿನವಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಲಕ್ಷ್ಮೀಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಕುರ್ಚಿ ಹಾಕಿ ನಾನು ಆಪ್ತ ಸಮಾಲೋಚನೆ ಶುರುಮಾಡಿದಾಗ, ಅದೇನೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

೧. ನಾಡಿ

ಮೊದಲು ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ಕೂತವರೇ ನಾಡಿ ನೋಡಲೆಂದು ಕೈ ಚಾಚಿದರು.

"ನಾನು ಆ ಥರ ಡಾಕ್ಟರಲ್ಲ ಸಾರ್. ವಾರಕ್ಕೊಂದು ಸಲ ಬಂದು ಮಾತಾಡಬೇಕು, ಅಷ್ಟೇ" ಎಂದೆ.

"ಮಾತ್ರೆ?"

"ಇಲ್ಲ."

"ಪಥ್ಯ?"

"ಅದೂ ಇಲ್ಲ."

ಎದ್ದು ನಿಂತರು. "ಬರೀ ಮಾತಿಗೆ ಇಷ್ಟು ದೂರ ಯಾಕಮ್ಮ ಬರಲಿ? ಮನೇಲೇ ಬೇಕಾದಷ್ಟು ಸಿಗುತ್ತೆ."

೨. ಏನೂ ಅನ್ಸಲ್ಲ

ಆಮೇಲೆ ಸಿದ್ಧಾರ್ಥನಗರದಿಂದ ಒಬ್ಬ ಗೃಹಿಣಿ ಬಂದರು, ಜೊತೆಗೆ ಅವರ ಯಜಮಾನರು. ವರ್ಷದಿಂದ ಆಕೆಗೆ ನಿದ್ದೆಯಿಲ್ಲ, ಎದೆ ಭಾರ. ಎಲ್ಲ ಪರೀಕ್ಷೆ ಮಾಡಿ, ದೇಹದಲ್ಲಿ ತೊಂದರೆಯಿಲ್ಲ ಎಂದು ಡಾಕ್ಟರು ನನ್ನ ಬಳಿ ಕಳಿಸಿದ್ದರು.

"ನಿಮಗೆ ಏನನ್ನಿಸುತ್ತೆ?" ಎಂದು ಆಕೆಯನ್ನು ಕೇಳಿದೆ.

"ಅವಳಿಗೆ ಏನೂ ಅನ್ಸಲ್ಲ ಮೇಡಂ" ಎಂದರು ಯಜಮಾನರು.

ಅವರ ಕೈಗೆ ಪೇಪರು ಕೊಟ್ಟು ಹೊರಗೆ ಜಗಲಿಯಲ್ಲಿ ಕೂರಿಸಿ ಬಂದೆ. ಆಮೇಲೆ ಆಕೆಗೆ ಹೇಳಿದೆ: ಬೇರೆಯವರ ಜೊತೆ ನಾವು ಹೇಗಿರುತ್ತೇವೋ ಇಲ್ಲೂ ಹಾಗೇ ಇರುತ್ತೇವೆ. ಅದಕ್ಕೇ ನಮ್ಮಿಬ್ಬರ ನಡುವೆ ಏನು ನಡೆದರೂ ಅದನ್ನೂ ಮಾತಾಡೋಣ. ನನ್ನ ಮೇಲೆ ಸಿಟ್ಟು ಬಂದರೆ ಮುಚ್ಚಿಡಬೇಡಿ.

ಆಕೆಗೆ ಆಶ್ಚರ್ಯವಾಯಿತು. "ನಿಮ್ಮ ಮೇಲೆ ಯಾಕೆ ಸಿಟ್ಟು ಬರುತ್ತೆ? ನೀವೇನು ನಮ್ಮ ನೆಂಟರಾ?"

೩. ಕೋಡುಬಳೆ

ಮರುವಾರ ಸ್ಟೀಲ್ ಡಬ್ಬಿಯ ತುಂಬ ಕೋಡುಬಳೆ ತಂದರು. ಬೇಡವೆಂದರೂ ಕೇಳಲಿಲ್ಲ. ಡಬ್ಬಿ ಖಾಲಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ಹಿಡಿ ಸಕ್ಕರೆ ಹಾಕಿ ಕೊಟ್ಟೆ. ಆ ಸಕ್ಕರೆಯ ಋಣಕ್ಕೆ ಮುಂದಿನ ವಾರ ರವೆ ಉಂಡೆ ಬಂತು. ನಾನು ಬಾಳೆಹಣ್ಣು ಇಟ್ಟುಕೊಟ್ಟೆ, ಚಕ್ಕುಲಿ ಬಂತು. ಡಬ್ಬಿಯೂ ದೊಡ್ಡದಾಯಿತು. ಆಕೆಯ ಕಷ್ಟ ಕೇಳಿದರೆ ಮಾತ್ರ, "ನನ್ನದು ಬಿಡಿ, ನೀವ್ಯಾಕೆ ಇಷ್ಟು ಸೊರಗಿದೀರ?" ಎನ್ನುವರು. ಎರಡು ತಿಂಗಳಾದರೂ ಆಕೆಗೆ ನಿದ್ದೆ ಬರಲಿಲ್ಲ. ನನ್ನ ರವಿಕೆಗಳೆಲ್ಲ ಬಿಗಿಯಾದವು.

೪. ಸಕ್ಕರೆ

ಒಂದು ವಾರ ನಮ್ಮ ಮನೆಯಲ್ಲಿ ಸಕ್ಕರೆ ಮುಗಿದಿತ್ತು, ಹಣ್ಣೂ ಇರಲಿಲ್ಲ. ಖಾಲಿ ಡಬ್ಬಿಯನ್ನೇ ಕೊಟ್ಟೆ. ಆಕೆ ಮುಚ್ಚಳ ತೆಗೆದು ನೋಡಿದರು. ಮುಖ ಕೆಂಪಾಯಿತು.

"ಏನನ್ನಿಸ್ತು, ಹೇಳಿ" ಎಂದೆ.

"ಏನಿಲ್ಲ." ಮುಚ್ಚಳವನ್ನು ಮತ್ತೆ ಒತ್ತಿ ಹಾಕಿದರು. "ನೀವೂ ಖಾಲಿ ಕೊಟ್ಬುಟ್ರಲ್ಲ. ಮದುವೆಯಾದಾಗಿಂದ ಅತ್ತೆ, ನಾದಿನಿಯರು, ಮಕ್ಕಳು, ಎಲ್ರಿಗೂ ತುಂಬಿಸಿ ಕೊಡ್ತಾನೇ ಇದೀನಿ. ನೀನು ಉಂಡ್ಯಾ ಅಂತ ಒಬ್ಬರೂ ಕೇಳಲ್ಲ. ನೀವೂ ಅವರ ಥರಾನೇ ಕಣ್ರೀ."

ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ನನಗೂ ಕಣ್ಣು ತುಂಬಿ ಬಂತು. ಅಂತೂ ನಾನು ಅವರ ನೆಂಟಳಾಗಿದ್ದೆ.

ಹೊರಡುವಾಗ ಕಣ್ಣೊರೆಸಿಕೊಂಡು, "ಬೇಕೂಂತಾನೇ ಖಾಲಿ ಕೊಟ್ರಿ ಅಲ್ವಾ? ಎಷ್ಟು ಓದ್ಕೊಂಡಿದೀರ ಮೇಡಂ" ಎಂದರು.

"ಇಲ್ಲ ಕಣಮ್ಮ, ಸಕ್ಕರೆ ಮುಗಿದಿತ್ತು" ಎಂದೆ. ಆಕೆ ಇವತ್ತಿಗೂ ನಂಬಿಲ್ಲ.

೫. ಉಪ್ಪಿಟ್ಟು

ಮುಂದಿನ ವಾರ ಡಬ್ಬಿ ಹಿಡಿದುಕೊಂಡು ಮೊದಲು ಒಳಗೆ ಬಂದವರು ಯಜಮಾನರು. ಆಕೆ ಹಿಂದೆ ಇದ್ದರು.

"ಮೇಡಂ, ಆವತ್ತು ಇಲ್ಲಿಂದ ಬಂದವಳೇ ಖಾಲಿ ಡಬ್ಬಿ ನನ್ನ ಮುಂದಿಟ್ಟು, ಇನ್ಮೇಲೆ ಬೆಳಗಿನ ತಿಂಡಿ ನೀವು ತುಂಬಿಸಿ ಅಂದ್ಬುಟ್ಟಳು. ಹುಟ್ಟಿದಾಗಿಂದ ಒಲೆ ಹಚ್ಚಿದವನಲ್ಲ ನಾನು. ಇದು ಉಪ್ಪಿಟ್ಟು."

ಚಮಚ ಹಾಕಿದೆ. ಇಡೀ ಉಪ್ಪಿಟ್ಟು ಡಬ್ಬಿಯ ಆಕಾರದಲ್ಲೇ ಮೇಲೆದ್ದು ಬಂತು.

"ಹೇಗಿತ್ತು?" ಎಂದು ಆಕೆಯನ್ನು ಕೇಳಿದೆ. ಈ ಸಲ ಯಜಮಾನರು ಬಾಯಿ ಹಾಕಲಿಲ್ಲ, ಆಕೆಯ ಮುಖವನ್ನೇ ನೋಡುತ್ತ ನಿಂತರು.

"ಉಪ್ಪು ಜಾಸ್ತಿ. ನಾಳೆ ಸರಿಯಾಗಿ ಮಾಡಿ ಅಂದಿದೀನಿ."

"ನಿದ್ದೆ?"

ಅದಕ್ಕೆ ಯಜಮಾನರೇ ಉತ್ತರ ಕೊಟ್ಟರು. "ಇವಳು ಈಗ ಗೊರಕೆ ಹೊಡೀತಾಳೆ ಮೇಡಂ. ನಾಳೆ ತಿಂಡಿಗೆ ಏನು ಮಾಡೋದು ಅನ್ನೋ ಯೋಚನೇಲಿ ನನಗೇ ನಿದ್ದೆ ಬರ್ತಿಲ್ಲ."

ಆಕೆ ಅವರನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಮೇಜಿನ ಮೇಲಿದ್ದ ಪೇಪರು ಎತ್ತಿಕೊಂಡರು.

"ಏನನ್ಸುತ್ತೋ ಮುಚ್ಚಿಡದೆ ಹೇಳಿ. ನಾನು ಜಗಲಿ ಮೇಲೆ ಕೂತಿರ್ತೀನಿ."